ಹೊಸ ಫಿಶ್ ಟ್ಯಾಂಕ್ ತಂದಿದ್ದೀರಾ? ಮೊದಲ ಆರು ವಾರ ತೊಳೆಯುವ ಆತುರ ಬೇಡ, ಮೀನು ಉಳಿಸುವ ಕ್ರಮ ಹೀಗಿದೆ

ಮುಂಬಯಿ: ಭಾನುವಾರ ಕ್ರಾಫರ್ಡ್ ಮಾರ್ಕೆಟ್‌ನಿಂದ ಎರಡು ಅಡಿ ಉದ್ದದ ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಒಂದು ಫಿಲ್ಟರ್ ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಮೀನು ಮನೆಗೆ ಬರುತ್ತವೆ. ಸಂಜೆಯ ಹೊತ್ತಿಗೆ ಪವಾಯಿಯ ಫ್ಲ್ಯಾಟ್‌ನ ಹಾಲ್‌ನಲ್ಲಿ ಟ್ಯಾಂಕಿನ ಲೈಟ್ ಉರಿಯುತ್ತಿರುತ್ತದೆ, ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿರುತ್ತಾರೆ. ಬುಧವಾರದ ಹೊತ್ತಿಗೆ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಗಲೀಜಾಯಿತು ಎಂದುಕೊಂಡ ಮನೆಯವರು ಪೂರ್ತಿ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿಯಡಿ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಾರೆ. ಮುಂದಿನ ವಾರ ಮೀನುಗಳು ಒಂದೊಂದಾಗಿ ತೇಲತೊಡಗುತ್ತವೆ.

ಅಂಗಡಿಯವರು ರೋಗದ ಮೀನು ಕೊಟ್ಟರು ಎಂಬ ಅನುಮಾನ ಮೊದಲು ಬರುತ್ತದೆ. ಆದರೆ ಹೊಸ ಟ್ಯಾಂಕ್‌ಗಳಲ್ಲಿ ಮೀನು ಸಾಯಲು ಬಹುಪಾಲು ಕಾರಣ ಕೊಳಕಲ್ಲ, ನೀರಿನಲ್ಲಿ ಸೇರುವ ಅಮೋನಿಯಾ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯುವ ಮೊದಲೇ ಟ್ಯಾಂಕನ್ನು ತಿಕ್ಕಿ ತೊಳೆದರೆ ಅಪಾಯ ಹೆಚ್ಚುತ್ತದೆ. ಹೊಸ ಟ್ಯಾಂಕ್‌ ನಿರ್ವಹಣೆಯ ಗುಟ್ಟು ಒಂದೇ: ಸ್ವಲ್ಪ ಸ್ವಲ್ಪವಾಗಿ, ಆದರೆ ತಪ್ಪದೇ ಸ್ವಚ್ಛ ಮಾಡಬೇಕು.

ತಿಳಿ ನೀರೂ ವಿಷವಾಗಬಹುದು

ಮೀನಿನ ದೇಹದ ಸಾರಜನಕ ತ್ಯಾಜ್ಯದ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೇರವಾಗಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಮತ್ತು ಹಿಕ್ಕೆಯಿಂದಲೂ ಅದೇ ಹುಟ್ಟುತ್ತದೆ. ನದಿ, ಕೆರೆಗಳಲ್ಲಿ ಅದು ಅಪಾರ ನೀರಿನಲ್ಲಿ ಬೆರೆತು ಹೋಗುತ್ತದೆ. 50 ಲೀಟರ್ ನೀರಿನ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ಈ ಪ್ರಮಾಣದಲ್ಲಿ ವಾಸನೆಯೂ ತಿಳಿಯುವುದಿಲ್ಲ. ಹಾಗಾಗಿ ಕನ್ನಡಿಯಂತೆ ತಿಳಿಯಾಗಿರುವ ನೀರಿನಲ್ಲೂ ಮೀನು ಉಸಿರಾಡಲು ಒದ್ದಾಡಬಹುದು.

ಈ ತ್ಯಾಜ್ಯವನ್ನು ಸಂಭಾಳಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿದ್ದರೆ ಮೀನಿಗೆ ಅಷ್ಟಾಗಿ ತೊಂದರೆಯಿಲ್ಲ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಈ ಎರಡನೇ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಎಂದು 1998ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅದೇ ವರ್ಗದ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಹಂತದ ಕೆಲಸವನ್ನು ತಾವೇ ಪೂರೈಸುತ್ತವೆ ಎಂಬುದು 2015ರಲ್ಲಿ ತಿಳಿದುಬಂತು.

ಈ ಜೀವಿಗಳು ನೀರಿನಲ್ಲಿ ತೇಲಾಡುತ್ತಾ ಇರುವುದು ಕಡಿಮೆ. ಫಿಲ್ಟರ್‌ನ ಸ್ಪಂಜ್, ತಳದ ಕಲ್ಲು, ಗಾಜು, ಗಿಡದ ಎಲೆಗಳ ಮೇಲೆ ಅವು ತೆಳು ಲೋಳೆಯಂತೆ ಅಂಟಿಕೊಂಡಿರುತ್ತವೆ. ಮನೆಯವರು ಕೊಳೆ ಎಂದು ತಿಕ್ಕಿ ತೆಗೆಯುವುದು ಇದನ್ನೇ! ಇವು ಬೆಳೆಯುವುದೂ ನಿಧಾನ. ಟ್ಯಾಂಕ್‌ ಪಕ್ವವಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಪವಾಯಿಯ ನಲ್ಲಿ ನೀರಿನಲ್ಲಿ ಏನಿದೆ?

ಮುಂಬಯಿಗೆ ಕುಡಿಯುವ ನೀರು ಬರುವುದು ವೈತರಣಾ, ತಾನ್ಸಾ, ಭಾತ್ಸಾ, ವಿಹಾರ್, ತುಳಸಿ ಸೇರಿದಂತೆ ಏಳು ಜಲಾಶಯಗಳಿಂದ. ಪವಾಯಿಗೆ ಹತ್ತಿರದ ಭಾಂಡೂಪ್‌ನಲ್ಲಿ ಮಹಾನಗರ ಪಾಲಿಕೆಯ ದೊಡ್ಡ ಶುದ್ಧೀಕರಣ ಘಟಕವಿದೆ. ಶುದ್ಧೀಕರಿಸಿದ ನೀರಿಗೆ ಕ್ಲೋರಿನ್ ಸೇರಿಸಿಯೇ ಮನೆಗಳಿಗೆ ಬಿಡುತ್ತಾರೆ. ಮನುಷ್ಯರನ್ನು ರೋಗಾಣುವಿನಿಂದ ಕಾಪಾಡುವ ಈ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರ್‌ನ ಉಪಕಾರಿ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ನೀರನ್ನು ಅಗಲ ಬಾಯಿಯ ಬಕೆಟ್‌ನಲ್ಲಿ 24 ಗಂಟೆ ಇಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಏರ್ ಪಂಪ್‌ನ ಕಲ್ಲು ಹಾಕಿಟ್ಟರೆ ಇನ್ನೂ ಬೇಗ. ಬಕೆಟ್ ಮೇಲೆ ತೆಳು ಬಟ್ಟೆ ಕಟ್ಟುವುದನ್ನು ಮರೆಯಬೇಡಿ, ತೆರೆದಿಟ್ಟ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಅಷ್ಟು ಕಾಯಲು ಆಗದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಬಹುದು. ಮಳೆಗಾಲದಲ್ಲಿ ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಜೋರಾಗಿದ್ದರೆ ಎರಡನ್ನೂ ಮಾಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಬಹಳಷ್ಟು ಮಂದಿ ಗಮನಿಸುವುದೇ ಇಲ್ಲ. ಮಳೆನೀರು ತುಂಬುವ ಜಲಾಶಯಗಳ ನೀರು ಸಾಮಾನ್ಯವಾಗಿ ಮೆದು. ಆದರೆ ಬೇಸಿಗೆಯಲ್ಲಿ ನೀರು ಸಾಲದಾದಾಗ ಹೌಸಿಂಗ್ ಸೊಸೈಟಿಗಳು ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನೂ ಅದೇ ಸಂಪ್‌ಗೆ ತುಂಬಿಸುತ್ತವೆ. ಆ ನೀರು ಗಡುಸಾಗಿ, ಹೆಚ್ಚು ಕ್ಷಾರೀಯವಾಗಿ ಇರಬಹುದು. ಪಿಎಚ್ 7 ಇರುವ 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಪಾಲು ಮಾತ್ರ ತೀವ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 6ರಿಂದ 7ರಷ್ಟಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಮೀನುಗಳು ಟ್ಯಾಂಕರ್ ನೀರು ಹಾಕಿದ ದಿನವೇ ಒದ್ದಾಡಿದರೆ ಕಾರಣ ಇದಾಗಿರಬಹುದು. ಸೊಸೈಟಿಗೆ ಯಾವ ನೀರು ಬಂದಿದೆ ಎಂದು ವಾಚ್‌ಮನ್‌ ಬಳಿ ಕೇಳಿಕೊಂಡೇ ನೀರು ಬದಲಿಸಿ.

ಹಾಗೆಂದು ಬರೀ ಆರ್‌ಒ ನೀರು ತುಂಬಿಸುವುದೂ ಸರಿಯಲ್ಲ. ಅದರಲ್ಲಿ ಮೀನಿಗೆ ಬೇಕಾದ ಖನಿಜಾಂಶ ಇರುವುದಿಲ್ಲ, ಪಿಎಚ್ ಕೂಡ ಸ್ಥಿರವಾಗಿ ನಿಲ್ಲುವುದಿಲ್ಲ.

ಟ್ಯಾಂಕ್ ಎಲ್ಲಿಡಬೇಕು? ಹೇಗೆ ಸಿದ್ಧಪಡಿಸಬೇಕು?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್‌ಗೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 50 ಕಿಲೋ. ಗಾಜು, ಕಲ್ಲು ಸೇರಿದರೆ ಒಬ್ಬ ಆಳಿನ ತೂಕ. ಟಿವಿ ಸ್ಟ್ಯಾಂಡ್ ಅಥವಾ ಬಾಗಿದ ಹಲಗೆಯ ಮೇಲೆ ಇಡಬೇಡಿ. ಮಟ್ಟಸವಾದ ಗಟ್ಟಿ ಸ್ಟ್ಯಾಂಡ್ ಮೇಲೆ, ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ ಇಡಿ. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ಬಿಸಿಲಿಗೆ ಪಾಚಿ ಬೆಳೆಯುತ್ತದೆ, ನೀರೂ ಕಾಯುತ್ತದೆ.

ಹೊಸ ಟ್ಯಾಂಕ್ ಮತ್ತು ಕಲ್ಲನ್ನು ಬರೀ ನೀರಿನಲ್ಲಿ ತೊಳೆಯಿರಿ. ಕಲ್ಲನ್ನು ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಜಾಲಿಸಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಫಿನಾಯಿಲ್ ಯಾವುದೂ ಬೇಡ. ಒಮ್ಮೆ ಸೋಪು ತಾಗಿದ ಸ್ಪಂಜನ್ನೂ ಬಕೆಟನ್ನೂ ಟ್ಯಾಂಕ್‌ಗೆ ಬಳಸಬಾರದು. ಮೀನಿಗೆಂದೇ ಒಂದು ಬಕೆಟ್, ಒಂದು ಮಗ್ ಬೇರೆ ಇಟ್ಟುಕೊಳ್ಳಿ.

ಮೊದಲ ಆರು ವಾರ ಹೀಗಿರಲಿ

ಸಾಧ್ಯವಾದರೆ ಮೀನು ತರುವ ಮೊದಲೇ ಟ್ಯಾಂಕ್ ನಡೆಸಲು ಶುರುಮಾಡಿ. ನೀರು ತುಂಬಿ, ಫಿಲ್ಟರ್ ಹಗಲು ರಾತ್ರಿ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬಂದರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಆರೋಗ್ಯವಂತ ಹಳೆಯ ಟ್ಯಾಂಕ್ ಇರುವ ಸ್ನೇಹಿತರಿಂದ ಬಳಸಿದ ಸ್ಪಂಜಿನ ತುಂಡು ಅಥವಾ ಒಂದು ಹಿಡಿ ಕಲ್ಲು ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿದರೆ ಹೆಪ್ಪು ಹಾಕಿದಂತೆ. ಆರು ವಾರದ ಕೆಲಸ ಎರಡು ಮೂರು ವಾರದಲ್ಲಿ ಮುಗಿಯಬಹುದು. ತರುವಾಗ ಅದು ಒದ್ದೆಯಾಗಿಯೇ ಇರಬೇಕು, ಒಣಗಬಾರದು.

ಮೀನು ಈಗಾಗಲೇ ಟ್ಯಾಂಕ್‌ನಲ್ಲಿದ್ದರೆ ಗಾಬರಿ ಬೇಡ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಅಳೆಯುವ ಟೆಸ್ಟ್ ಕಿಟ್ ಒಂದನ್ನು ತನ್ನಿ. ಆಟಿಕೆಯ ಕೋಟೆ, ಗುಳ್ಳೆ ಬಿಡುವ ಗೊಂಬೆಗಿಂತ ಮೊದಲು ಕೊಳ್ಳಬೇಕಾದದ್ದು ಇದು.

* ಮೊದಲ ಎರಡು ವಾರ: ಅಮೋನಿಯಾ ಏರುವ ಕಾಲ. ದಿನ ಬಿಟ್ಟು ದಿನ ನೀರು ಪರೀಕ್ಷಿಸಿ. ಅಮೋನಿಯಾ 0.5 ಪಿಪಿಎಂ ಮುಟ್ಟಿದರೆ ಕಾಲು ಭಾಗ ನೀರು, 1 ದಾಟಿದರೆ ಅರ್ಧ ನೀರು ಬದಲಿಸಿ. ಫಿಲ್ಟರ್ ಮುಟ್ಟಬೇಡಿ.
* ಮೂರು ಮತ್ತು ನಾಲ್ಕನೇ ವಾರ: ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ಮೀನು ಸರಿಹೋಯಿತು ಎಂದು ಮೈಮರೆಯುವ ಹೊತ್ತು ಇದೇ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ತಕ್ಷಣ ನೀರು ಬದಲಿಸಿ, ಏರ್ ಪಂಪ್ ಹೆಚ್ಚಿಸಿ.
* ಐದು ಮತ್ತು ಆರನೇ ವಾರ: ಅಮೋನಿಯಾ, ನೈಟ್ರೈಟ್ ಎರಡೂ ಸತತ ಒಂದು ವಾರ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡರೆ ಟ್ಯಾಂಕ್ ಪಕ್ವವಾಯಿತು ಎಂದರ್ಥ.

ಆಮೇಲೆಯೇ ಹೊಸ ಮೀನು ಸೇರಿಸಿ, ಅದೂ ಒಮ್ಮೆಗೆ ಎರಡು ಮೂರು ಮಾತ್ರ. ಬ್ಯಾಕ್ಟೀರಿಯಾ ಇರುವಷ್ಟು ಮೀನಿನ ಲೆಕ್ಕಕ್ಕೇ ಬೆಳೆದಿರುತ್ತದೆ. ಒಂದೇ ದಿನ ಹತ್ತು ಮೀನು ಬಿಟ್ಟರೆ ಕಥೆ ಮತ್ತೆ ಮೊದಲಿನಿಂದ ಶುರು.

ಮೀನಿನ ಆಯ್ಕೆಯೂ ಮುಖ್ಯ. 50 ಲೀಟರ್ ಟ್ಯಾಂಕ್‌ಗೆ ಗಪ್ಪಿ, ಪ್ಲ್ಯಾಟಿ, ಜೀಬ್ರಾ ಡೇನಿಯೊದಂತಹ ಸಣ್ಣ ಮೀನುಗಳು ಸಾಕು. ಎಲ್ಲರೂ ಮೊದಲು ತರುವ ಗೋಲ್ಡ್‌ಫಿಶ್ 15 ಸೆಂಟಿಮೀಟರ್‌ಗೂ ಮೀರಿ ಬೆಳೆಯುತ್ತದೆ, ತ್ಯಾಜ್ಯವನ್ನೂ ಹೆಚ್ಚು ಹೊರಹಾಕುತ್ತದೆ. ಗುಂಡು ಗಾಜಿನ ಬೌಲ್ ಅದಕ್ಕೆ ಮನೆಯಲ್ಲ.

ವಾರಕ್ಕೊಮ್ಮೆ ಸ್ವಚ್ಛ ಮಾಡುವ ಕ್ರಮ

ಪಕ್ವವಾದ ಟ್ಯಾಂಕ್‌ಗೆ ವಾರಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು. ಮೀನುಗಳನ್ನು ಬಲೆ ಹಾಕಿ ಹೊರತೆಗೆಯುವ ಅಗತ್ಯವೇ ಇಲ್ಲ. ಹಿಡಿಯುವ ಗಡಿಬಿಡಿಯಲ್ಲೇ ಅವುಗಳ ಮೈಮೇಲಿನ ರಕ್ಷಕ ಲೋಳೆ ಉಜ್ಜಿ ಹೋಗುತ್ತದೆ.

1. ಮೊದಲು ಲೈಟ್, ಫಿಲ್ಟರ್, ಹೀಟರ್ ಎಲ್ಲದರ ಪ್ಲಗ್ ತೆಗೆಯಿರಿ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಟ್ಯಾಂಕ್ ನೀರಿನಿಂದ ಗಾಯಕ್ಕೆ ಸೋಂಕು ತಗಲಬಹುದು.
2. ಸೋಪು ಮುಟ್ಟದ ಸ್ಪಂಜಿನಿಂದ ಮುಂದಿನ ಗಾಜನ್ನು ಒರೆಸಿ. ಹಿಂಬದಿಯ ಗಾಜಿನ ಪಾಚಿ ಹಾಗೇ ಇರಲಿ, ಅದು ನೈಟ್ರೇಟ್ ಹೀರುತ್ತದೆ.
3. ಸೈಫನ್ ಪೈಪ್‌ನಿಂದ ತಳದ ಕಲ್ಲಿನ ನಡುವಿನ ಹಿಕ್ಕೆ, ಉಳಿದ ಆಹಾರವನ್ನು ನೀರಿನ ಸಮೇತ ಹೀರಿ ತೆಗೆಯಿರಿ. ಪೈಪನ್ನು ಬಾಯಲ್ಲಿ ಎಳೆಯಬೇಡಿ, ಕೈಪಂಪ್ ಇರುವ ಸೈಫನ್ ಸಿಗುತ್ತದೆ. ಈ ವಾರ ಅರ್ಧ ತಳ, ಮುಂದಿನ ವಾರ ಇನ್ನರ್ಧ.
4. ಒಟ್ಟು ನೀರಿನ ಕಾಲು ಭಾಗ ತೆಗೆದರೆ ಸಾಕು. 50 ಲೀಟರ್ ಟ್ಯಾಂಕ್‌ಗೆ ಅದು 12 ಲೀಟರ್, ಹೆಚ್ಚುಕಡಿಮೆ ಒಂದು ಬಕೆಟ್.
5. ತಿಂಗಳಿಗೊಮ್ಮೆ, ನೀರಿನ ಹರಿವು ಕಡಿಮೆಯಾದಾಗ, ಫಿಲ್ಟರ್ ಸ್ಪಂಜನ್ನು ಬಕೆಟ್‌ಗೆ ತೆಗೆದ ಅದೇ ಹಳೆಯ ನೀರಿನಲ್ಲಿ ಎರಡು ಸಲ ಹಿಂಡಿ. ನಲ್ಲಿಯಡಿ ತೊಳೆಯಬೇಡಿ. ಹರಿದುಹೋಗದ ಹೊರತು ಹೊಸ ಸ್ಪಂಜ್ ಬೇಡ.
6. ಕ್ಲೋರಿನ್ ಆರಿದ, ಟ್ಯಾಂಕ್‌ನಷ್ಟೇ ಉಷ್ಣತೆಯ ನೀರನ್ನು ನಿಧಾನವಾಗಿ ಸುರಿಯಿರಿ. ತಟ್ಟೆಯೊಂದನ್ನು ಇಟ್ಟು ಅದರ ಮೇಲೆ ಸುರಿದರೆ ತಳ ಕದಡುವುದಿಲ್ಲ.
7. ಪ್ಲಗ್ ಹಾಕಿ ಫಿಲ್ಟರ್ ನೀರು ಎಳೆಯುತ್ತಿದೆಯೇ ನೋಡಿ. ಕೊನೆಗೆ ಸೋಪಿನಿಂದ ಕೈ ತೊಳೆದುಕೊಳ್ಳಿ.

ಫಿಲ್ಟರ್ ತೊಳೆಯುವುದು ಮತ್ತು ತಳ ಸ್ವಚ್ಛ ಮಾಡುವುದು ಒಂದೇ ದಿನ ಬೇಡ, ಒಂದು ವಾರದ ಅಂತರವಿರಲಿ. ತೆಗೆದ ನೀರನ್ನು ಮೋರಿಗೆ ಸುರಿಯುವ ಬದಲು ಬಾಲ್ಕನಿಯ ತುಳಸಿ, ದಾಸವಾಳದ ಕುಂಡಕ್ಕೆ ಹಾಕಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಔಷಧಿ ಅಥವಾ ಉಪ್ಪು ಹಾಕಿದ ನೀರಾದರೆ ಮಾತ್ರ ಬೇಡ. ಮನಿ ಪ್ಲಾಂಟ್‌ನ ಬೇರು ಟ್ಯಾಂಕ್‌ನಲ್ಲಿ, ಎಲೆ ಹೊರಗೆ ಇರುವಂತೆ ಸಿಕ್ಕಿಸಿದರೆ ಅದೂ ನೈಟ್ರೇಟ್ ಹೀರುತ್ತದೆ. ನೈಟ್ರೇಟ್ 40 ಪಿಪಿಎಂ ಒಳಗಿರುವಂತೆ ನೋಡಿಕೊಳ್ಳಿ.

ಬಿಳಿ ಮಬ್ಬು, ಕಂದು ಪುಡಿ, ಹಸಿರು ನೀರು

ಮೊದಲ ವಾರದ ಬಿಳಿ ಮಬ್ಬಿಗೆ ಕಾರಣ ನೀರಿನಲ್ಲಿ ಒಮ್ಮೆಲೇ ಹೆಚ್ಚುವ ಬೇರೆ ಬಗೆಯ ಬ್ಯಾಕ್ಟೀರಿಯಾ. ಆಹಾರ ಕಡಿಮೆ ಮಾಡಿ ಕಾದರೆ ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ಪೂರ್ತಿ ನೀರು ಬದಲಿಸಿದರೆ ಮಬ್ಬು ಮತ್ತೆ ಬರಬಹುದು. ಎರಡು ಮೂರು ವಾರಕ್ಕೆ ಗಾಜು, ಕಲ್ಲಿನ ಮೇಲೆ ಕೂರುವ ಕಂದು ಪುಡಿ ಡಯಾಟಮ್ ಎಂಬ ಪಾಚಿ. ಹೊಸ ಟ್ಯಾಂಕ್‌ಗಳಲ್ಲಿ ಇದು ಸಾಮಾನ್ಯ, ಒರೆಸಿದರೆ ಹೋಗುತ್ತದೆ. ನೀರೇ ಹಸಿರಾದರೆ ಬೆಳಕು ಅತಿಯಾಗಿದೆ ಎಂದರ್ಥ. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು.

ಈ ಮೂರರಲ್ಲಿ ಹೆಚ್ಚಿನವಕ್ಕೆ ಅತಿಯಾದ ಆಹಾರವೂ ಕಾರಣ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಹೊಸ ಟ್ಯಾಂಕ್‌ಗೆ ದಿನಕ್ಕೊಮ್ಮೆ ಸಾಕು. ಅಜ್ಜಿ ಒಮ್ಮೆ, ಅಪ್ಪ ಒಮ್ಮೆ, ಶಾಲೆಯಿಂದ ಬಂದ ಮಗು ಒಮ್ಮೆ ಎಂದು ಮನೆಮಂದಿಯೆಲ್ಲ ಹಾಕಿದರೆ ಮೀನಿನ ಪ್ರಾಣಕ್ಕೇ ಸಂಚಕಾರ. ಆಹಾರ ಹಾಕುವ ಜವಾಬ್ದಾರಿ ಒಬ್ಬರಿಗೇ ಇರಲಿ. ದೊಡ್ಡ ಮೀನುಗಳು ಎರಡು ಮೂರು ದಿನ ಉಪವಾಸವಿದ್ದರೂ ಏನೂ ಆಗದು. ವಾರಾಂತ್ಯಕ್ಕೆ ಊರಿಗೆ ಹೋಗುವವರು ಒಂದು ಹಿಡಿ ಜಾಸ್ತಿ ಹಾಕಿ ಹೋಗುವುದು ಬೇಡವೇ ಬೇಡ.

ಸೊಳ್ಳೆ ಔಷಧಿ, ಸೆಕೆ ಮತ್ತು ಕರೆಂಟ್

ಸೊಳ್ಳೆ ಓಡಿಸುವ ಲಿಕ್ವಿಡ್, ಕಾಯಿಲ್, ಜಿರಲೆ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ರಾಸಾಯನಿಕ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಅಪಾಯಕಾರಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಇವನ್ನು ಬಳಸದಿರುವುದೇ ಕ್ಷೇಮ. ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸುವಾಗ ಅಥವಾ ಕಟ್ಟಡದ ಸುತ್ತ ಹೊಗೆ ಹಾಕುವಾಗ ಕಿಟಕಿ ಮುಚ್ಚಿ, ಟ್ಯಾಂಕನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಏರ್ ಪಂಪ್ ಸ್ವಲ್ಪ ಹೊತ್ತು ನಿಲ್ಲಿಸಿ. ಗಾಳಿ ತಿಳಿಯಾದ ಮೇಲೆ ಶುರುಮಾಡಿ.

ಮುಂಬಯಿಯ ಹವೆಗೆ ವರ್ಷದ ಹೆಚ್ಚಿನ ಕಾಲ ಹೀಟರ್ ಬೇಕಿಲ್ಲ. ಸಮಸ್ಯೆ ಇರುವುದು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಏರ್ ಪಂಪ್ ಹೆಚ್ಚಿಸಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ. ಐಸ್ ತುಂಡು ಸುರಿಯಬೇಡಿ, ಉಷ್ಣತೆ ಒಮ್ಮೆಲೇ ಇಳಿದರೂ ಮೀನಿಗೆ ಆಘಾತ.

2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋದದ್ದು ಅನೇಕರಿಗೆ ನೆನಪಿರಬಹುದು. ಫಿಲ್ಟರ್ ನಿಂತರೆ ಒಳಗಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಸಿಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪ್ ಮನೆಯಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಗ್‌ನಲ್ಲಿ ನೀರು ಎತ್ತಿ ಆಗಾಗ ಮೇಲಿನಿಂದ ಸುರಿಯುತ್ತಿರಿ, ಆಹಾರ ಹಾಕಬೇಡಿ. ಹಲವು ಗಂಟೆ ನಿಂತ ಡಬ್ಬಿ ಫಿಲ್ಟರನ್ನು ಮತ್ತೆ ಚಾಲೂ ಮಾಡುವ ಮುನ್ನ ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕ್ ನೀರಿನಲ್ಲೇ ಜಾಲಿಸಿ.

ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ

ಟ್ಯಾಂಕ್ ಸಾಕಾಯಿತು ಎಂದಾಗ ಮೀನನ್ನು ಹತ್ತಿರದ ಪವಾಯಿ ಕೆರೆಗೆ ಬಿಟ್ಟರೆ ಪುಣ್ಯ ಎಂದು ಭಾವಿಸುವವರಿದ್ದಾರೆ. ಗಾಜು ಸ್ವಚ್ಛ ಮಾಡುತ್ತದೆ ಎಂದು ಮಾರುವ ಸಕ್ಕರ್ ಮೀನು ಟ್ಯಾಂಕ್‌ಗೆ ಮೀರಿ ಬೆಳೆದಾಗ ಹೀಗೆ ಕೆರೆ ಸೇರುವುದು ಹೆಚ್ಚು. ದಕ್ಷಿಣ ಅಮೆರಿಕ ಮೂಲದ ಈ ಮೀನು ಭಾರತದ ಹಲವು ಕೆರೆ, ನದಿಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳ ಜಾಗ ಕಬಳಿಸಿದೆ. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ.

ಬ್ರಿಟಿಷರ ಕಾಲದಲ್ಲಿ, 1890ರ ಸುಮಾರಿಗೆ ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ ಅದು. ಇಂದು ಅದರ ನೀರು ಕುಡಿಯಲು ಯೋಗ್ಯವಲ್ಲ, ಅಂತರಗಂಗೆ ಆಗಾಗ ಅದರ ಮೈ ಮುಚ್ಚುತ್ತದೆ. ಹರಿದುಬಂದ ಕೊಳಚೆಯ ಸಾರಜನಕ, ರಂಜಕಗಳು ಹೊರಹೋಗುವ ದಾರಿಗಿಂತ ವೇಗವಾಗಿ ಒಳಬಂದದ್ದೇ ಅದಕ್ಕೆ ಕಾರಣ. ಹಾಲ್‌ನಲ್ಲಿರುವ 50 ಲೀಟರ್ ಟ್ಯಾಂಕ್‌ನ ಲೆಕ್ಕವೂ ಇಷ್ಟೇ. ಮಳೆಗಾಲದಲ್ಲಿ ಕೆರೆ ತುಂಬಿದರೆ ಹೆಚ್ಚಿನ ನೀರು ಮೀಠಿ ನದಿಗೆ ಹರಿದುಹೋಗುತ್ತದೆ. ಟ್ಯಾಂಕ್‌ಗೆ ಆ ಅವಕಾಶವಿಲ್ಲ, ವಾರಕ್ಕೊಮ್ಮೆ ನೀವು ತೆಗೆಯುವ ಆ ಒಂದು ಬಕೆಟ್ ನೀರೇ ಅದಕ್ಕಿರುವ ದಾರಿ.